ಧೂಳಿಲ್ಲದ ಕೋಣೆಗೆ

ನಿನ್ನ ಅಕ್ಕನ ಮನೆ, ಹಿಂದಿನ ಕೋಣೆ
ಮಂಗಳವಾರ

ಪ್ರೀತಿಯ ಮಗನೇ,

ಆರೋಗ್ಯವಾಗಿದ್ದೀಯಾ? ನಿನ್ನ ಅಕ್ಕ ಮೆಟ್ಟಿಲಿಂದ ಜಾರಿ ಸೊಂಟ ಮುರಿದುಕೊಂಡಿದ್ದಾಳೆ, ಕೂಡಲೇ ಹೊರಡು.

ಹೆದರಿದೆಯಾ? ಸುಳ್ಳು ಕಣೋ! ಪಕ್ಕದಲ್ಲೇ ನಿಂತು "ಅಪ್ಪಾ, ಈ ವಯಸ್ಸಲ್ಲೂ ಕಿತಾಪತಿ ಬಿಡಲ್ವಲ್ಲ ನೀವು" ಅಂತ ಬೈಯುತ್ತಿದ್ದಾಳೆ. ಸೊಂಟಕ್ಕೇನೂ ಆಗಿಲ್ಲ, ಬಾಯಿಗಂತೂ ಏನೇನೂ ಆಗಿಲ್ಲ. ನಿಜವಾಗಿದ್ದರೂ ನೀನು ಬರುತ್ತಿರಲಿಲ್ಲ, ಬಿಡು.

ಯಾರ ಕಣ್ಣಿಗೂ ಬೀಳದ ಕಣವೊಂದು ನಿಮ್ಮ ತಾಮ್ರದ ಹಂಡೆಯೊಳಗೆ ಒಂದೇ ಒಂದು ಸಲ ಟಿಕ್ ಅನ್ನಲಿ ಅಂತ ಗಣಿಯ ತಳದಲ್ಲಿ ವರ್ಷಗಟ್ಟಲೆ ದುಡಿದವರು ನೀವೆಲ್ಲ. ಕಲ್ಲು, ಬೆವರು, ಬಾಳೆಹಣ್ಣು, ಎಲ್ಲದರಲ್ಲೂ ಅಷ್ಟಿಷ್ಟು ವಿಕಿರಣ ಇರುತ್ತದೆ, ಚಿಟಿಕೆ ಧೂಳು ಬಿದ್ದರೂ ಅದರ ಗಲಾಟೆಯಲ್ಲಿ ಆ ಟಿಕ್ ಕೇಳಿಸುವುದಿಲ್ಲ ಅಂತ ಹೇಳಿಕೊಟ್ಟವನೂ ನೀನೇ. ಗಣಿಯ ಬಾಯಲ್ಲಿ ನಿಮ್ಮ ಬಿಳಿ ಅಂಗಿಗಳನ್ನು ಒಗೆದು ಕವರಿಗೆ ತುಂಬುವ ಕೆಲಸ ನನಗೆ ಕೊಡಿಸಿದೆ. ಮಗ ಕಣ ವಿಜ್ಞಾನಿ, ಅಪ್ಪ ಕೊಳೆ ವಿಜ್ಞಾನಿ ಅಂತ ನಾನೂ ಊರೆಲ್ಲ ಹೇಳಿಕೊಂಡು ತಿರುಗಿದೆ. "ಸ್ನಾನ ಅಂದ್ರೆ ಮಂಚದಡಿ ಸೇರ್ತಿದ್ದೋನು, ಈಗ ದಿನಕ್ಕೆ ಮೂರು ಸಲ ಮೈ ತೊಳೀತಾನಂತೆ" ಅಂತ ನಿಮ್ಮಮ್ಮ ನಕ್ಕಿದ್ದೇ ನಕ್ಕಿದ್ದು.

ಹಾಸಿಗೆ ಹಿಡಿದ ಮೇಲೆ ಕೊನೆಕೊನೆಗೆ ಅವಳು ಕೇಳುತ್ತಿದ್ದುದು ಒಂದೇ, "ಬಂದ್ನಾ?" ನೀನು ಫೋನಿನಲ್ಲಿ, "ಹಂಡೆಗೆ ಮುಚ್ಚಳ ಹಾಕೋ ಹೊತ್ತು ಅಪ್ಪಾ, ಈಗ ಹೊರಗೆ ಬಂದ್ರೆ ಧೂಳು ತರ್ತೀನಿ." ಬಾಗಿಲು ಸದ್ದಾದಾಗಲೆಲ್ಲ ಅವಳು ಕಣ್ಣು ಬಿಡುತ್ತಿದ್ದಳು. ಅವಳನ್ನು ಸುಡುವ ದಿನವೂ ನೀನು ಬರಲಿಲ್ಲ. ಮೂರನೇ ದಿನ ನಾನು ಅಂಗಿ ಒಗೆಯಲು ಮರಳಿದಾಗ ಮುಚ್ಚಳ ಇನ್ನೂ ಹಾಕಿರಲಿಲ್ಲ.

ಮುಚ್ಚಳ ಹಾಕಿದ ಮೇಲೂ ಹಂಡೆಯ ಗಲಾಟೆ ನಿಂತಿಲ್ಲವಂತೆ. ಮುಚ್ಚಳ ಬೆಸೆದ ವೆಲ್ಡರ್ ಬರಿಗೈಯಲ್ಲಿ ಮುಟ್ಟಿದ ಅಂತ ಅವನ ಕೆಲಸ ತೆಗೆಸಿದೆಯಂತೆ. ಪಾಪ, ನಿನ್ನಷ್ಟೇ ಸಲ ಮೈ ತೊಳೆದವನು ಅವನೂ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಹರಸಲು ಕೈ ಏಳುತ್ತಿಲ್ಲ, ಆದರೂ ಹರಸಿದ್ದೇನೆ ಅಂದುಕೋ.

ನಿನ್ನ ಅಪ್ಪ

ಮರೆತ ಮಾತು: ಅಕ್ಕ ಒಳಗೆ ಹೋದಳು, ಬೇಗ ಬರೆದುಬಿಡುತ್ತೇನೆ. ವೆಲ್ಡರನನ್ನು ವಾಪಸ್ ಕರೆಸು. ಮುಚ್ಚಳ ಹಾಕಿದ ದಿನ ನೀನು ತೊಟ್ಟ ಅಂಗಿಯ ತೋಳಿನ ಮಡಿಕೆಯಲ್ಲಿ ಕವರಿಗೆ ತುಂಬುವಾಗಲೇ ನಿಮ್ಮಮ್ಮನ ಬೂದಿ ಒಂದು ಚಿಟಿಕೆ ಇಟ್ಟಿದ್ದೆ. ನೀನು ಬಗ್ಗಿ ಹಂಡೆಯೊಳಗೆ ಕೈ ಹಾಕಿದಾಗ ಉದುರಿರುತ್ತದೆ. ನೀನಂತೂ ಬರಲಿಲ್ಲ, ಅವಳೇ ಬಂದಿದ್ದಾಳೆ. ಹಂಡೆ ಸುಮ್ಮನಾಗಬೇಕಾದರೆ ಮುಚ್ಚಳ ತೆಗೆದು ಅವಳನ್ನು ಆಸಿಡ್ ಹಾಕಿ ತೊಳೆಯಬೇಕು. ಬೇರೆಯವರ ಕೈಲಿ ಮಾಡಿಸಬೇಡ. ಇದು ತಮಾಷೆಯಲ್ಲ ಮಗನೇ, ನಿಜವಾಗಿ ಮಾಡಿದ್ದು.