ಹಲ್ಲಿಲ್ಲದ ಗಂಡುಗಳು

ಕಾಮರಾ ದೆ ಲೋಬುಶ್, ಮದೇಯ್ರಾ
೧೪ ಮಾರ್ಚ್ ೧೯೯೮

ನಲ್ಮೆಯ ದಿಯೊಲಿಂಡಕ್ಕಾ,

ಲಿಸ್ಬನ್ನಿನ ಆಸ್ಪತ್ರೆಯಲ್ಲಿ ಕಣ್ಣಿನ ಕಟ್ಟು ಬಿಚ್ಚಿದರೇ? ಓದಬೇಡ ಎಂದಿದ್ದರೆ ಈ ಪತ್ರವನ್ನು ನರ್ಸಮ್ಮನಿಂದ ಓದಿಸಿಕೋ. ಬೈಗುಳ ಬಂದಲ್ಲಿ ಆಕೆ ನಿಲ್ಲಿಸದಿರಲಿ. ನಿನ್ನ ಬಾಳೆಗಿಡಗಳಿಗೆ ನೀರು ಹಾಯಿಸುತ್ತಿದ್ದೇನೆ.

ಮೀನುಗಾರರ ಸಂಘದ ವಸ್ತುಸಂಗ್ರಹಾಲಯಕ್ಕೆ ಮೇಲ್ವಿಚಾರಕನಾಗಿ ಹೊಸದಾಗಿ ಬಂದ ಮಹಾಶಯ ಅಲ್ಲಿದ್ದ ನಿನ್ನ ಆರು ಸೀಸೆಗಳನ್ನು ಮೋರಿಗೆ ಸುರಿಸಿದ, ಅಕ್ಕಾ. ಕಬ್ಬಿನ ಸಾರಾಯಿಯ ವಾಸನೆ ಚರ್ಚಿನವರೆಗೆ ಹಬ್ಬಿತ್ತು. ಇಪ್ಪತ್ತೆಂಟು ವರ್ಷ ಮಾರುಕಟ್ಟೆಯ ಕಲ್ಲಿನ ಮೇಲೆ ಕಪ್ಪು ಕತ್ತಿಮೀನಿನ ಹೊಟ್ಟೆ ಸೀಳುತ್ತ, ಅದು ನುಂಗಿದ್ದ ಕರಿ ಡ್ರ್ಯಾಗನ್ ಮೀನುಗಳನ್ನು ನೀನು ಹೆಕ್ಕಿ, ಕೆಡದಂತೆ ಸಾರಾಯಿಯಲ್ಲಿ ಹಾಕಿ ಉಳಿಸಿದ್ದು! ಓಡಿಹೋಗಿ ಕೇಳಿದರೆ, “ಮರಿಗಳನ್ನ ಎಷ್ಟೂಂತ ಇಟ್ಕೊಳ್ಳೋದು ಯಜಮಾನ್ರೇ? ದೊಡ್ಡದೊಂದಿದೆಯಲ್ಲ, ಸಾಕು” ಎಂದ. ಮರಿಗಳಂತೆ! ಮರಿಯ ಕಣ್ಣುಗಳು ಉದ್ದ ಕಡ್ಡಿಗಳ ತುದಿಯಲ್ಲಿರುತ್ತವೆ. ಇವು ಬೆಳೆದ ಗಂಡುಗಳು, ಕಣ್ಣುಗಳು ತಲೆಯಲ್ಲೇ ಕೂತಿದ್ದವು. ಅವನಿಗೆ ಕಣ್ಣೆಲ್ಲಿತ್ತೋ! ಮೊಳದುದ್ದದ ಹೆಣ್ಣಿಗೆ ಕೋರೆಹಲ್ಲು, ಗಲ್ಲದಿಂದ ಇಳಿಬಿದ್ದ ಬೆಳಕಿನ ಗಾಳ. ಬೆರಳುದ್ದದ ಗಂಡಿಗೆ ಹಲ್ಲಿಲ್ಲ, ಗಾಳವಿಲ್ಲ, ಕರುಳು ಕೆಲಸಕ್ಕೆ ಬಾರದು. ಕಣ್ಣಿನ ಬಳಿ ದೊಡ್ಡದೊಂದು ದೀಪ, ಹೊಟ್ಟೆಯೊಳಗೆ ಬರೀ ವೃಷಣ. ಬೆಳೆದ ಮೇಲೆ ಒಂದು ತುತ್ತೂ ತಿನ್ನದೆ, ಕತ್ತಲಲ್ಲಿ ಹೆಣ್ಣನ್ನು ಕಾದು ಸಾಯುವ ಜೀವ. ಇದನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ನೀನು ಮೀನು ಸೀಳುವ ಚೂರಿಯಿಂದ ಕಂಡುಕೊಂಡಿದ್ದೆ. ‘ಮೀನು ಕೊಯ್ಯುವವಳಿಗೆ ಸೀಸೆ ಯಾಕೆ?’ ಎಂದು ಇದೇ ಸಂಘ ಎಪ್ಪತ್ತೊಂದರಲ್ಲಿ ಕೇಳಿದ್ದನ್ನು ನಾನು ಮರೆತಿಲ್ಲ.

ಪಕ್ಕದ ಕಲ್ಲಿನ ಇಡಾಲಿನಾ ಒಮ್ಮೆ, “ಹಲ್ಲಿಲ್ಲ, ದುಡಿಯಲ್ಲ, ಕತ್ತಲಾದ್ರೆ ದೀಪ ಹಚ್ಕೊಂಡು ಹೆಂಗಸರನ್ನ ಕಾಯೋದು! ನನ್ನ ಗಂಡನ್ನ ಯಾಕೆ ಸಾರಾಯೀಲಿ ಹಾಕಿದೀಯೇ?” ಎಂದಾಗ, “ನಿನ್ನ ಗಂಡ ಸಾರಾಯಿ ಒಳಗಿಲ್ಲ ಕಣೇ, ಸಾರಾಯಿ ಅವನೊಳಗಿದೆ” ಎಂದೆಯಲ್ಲ, ಇಡೀ ಮಾರುಕಟ್ಟೆ ನಕ್ಕಿತ್ತು. ಅದೇ ಇಡಾಲಿನಾ ನಿನ್ನೆ ಮೋರಿಯ ಬಳಿ ಮಂಡಿಯೂರಿ ಹುಡುಕಿದಳು. ಬೆಕ್ಕುಗಳು ಏನನ್ನೂ ಬಿಟ್ಟಿರಲಿಲ್ಲ.

ನಿನಗಾಗಿ ಅವಳು ಮೇರಿಯಮ್ಮನ ಮುಂದೆ ಮೇಣದಬತ್ತಿ ಹಚ್ಚಿದ್ದಾಳೆ. ಕಣ್ಣು ಜೋಪಾನ.

ನಿನ್ನ ತಮ್ಮ,
ಜೆರ್ವಾಜಿಯು

ಅಂಚೆಗೆ ಹಾಕುವ ಮುನ್ನ: ನಿಜ ಹೇಳಿಬಿಡುತ್ತೇನೆ. ಆ ಸೀಸೆಗಳ ಮೇಲೆ ‘ಮರಿ’ ಎಂದೇ ಬರೆದಿತ್ತು, ನನ್ನದೇ ಅಕ್ಷರದಲ್ಲಿ. ಮೊದಲ ವರ್ಷ ನಾನೇ ತಪ್ಪು ತಿಳಿದು ಬರೆದದ್ದು. ತಿದ್ದು, ತಿದ್ದು ಎಂದು ನೀನು ಹೇಳುತ್ತಲೇ ಇದ್ದೆ. ಆ ಮಹಾಶಯ ಓದಿದ್ದು ನನ್ನ ಚೀಟಿಯನ್ನೇ. ತಿದ್ದಲೆಂದು ಮನೆಗೆ ತಂದು ಮರೆತ ಏಳನೆಯ ಸೀಸೆ ನನ್ನ ಅಡುಗೆಮನೆಯ ಕಪಾಟಿನಲ್ಲಿದೆ. ಒಳಗೆ ಮೂರು ಗಂಡು. ಹಳೆಯ ಚೀಟಿ ಕಿತ್ತಿದ್ದೇನೆ. ಹೊಸದನ್ನು ನೀನೇ ಬಂದು ಬರೆ.