ಮುನ್ನೂರು ಸಾಕು ಎಂದೆ

೧೭ ನವೆಂಬರ್ ೨೦೨೪, ಭಾನುವಾರ. ಔರಾದ

ಅಮರನಾಥ ಹೀಗೆ ಮಾಡಬಾರದಿತ್ತು.

ಆರು ವರ್ಷದಿಂದ ನನ್ನ ಭಾನುವಾರಗಳೆಲ್ಲ ಅವನ ಝೆರಾಕ್ಸ್ ಅಂಗಡಿಯಲ್ಲೇ ಕಳೆದಿವೆ. ನಿಜಾಮರ ಕಾಲದ ಉರ್ದು ಜಮೀನು ಪತ್ರ ತಂದವರಿಗೆ ಓದಿ, ಕನ್ನಡದಲ್ಲಿ ಬರೆದುಕೊಡುತ್ತೇನೆ. ಒಂದು ರೂಪಾಯಿ ಮುಟ್ಟಿದವನಲ್ಲ. ದೋಸ್ತಿಯಲ್ಲಿ ಕೂಲಿ ಎಂಥದು ಎಂದು ಹೆಂಡತಿ ಮುಸರ್ರತಳ ಬಾಯಿ ಮುಚ್ಚಿಸಿದವನು ನಾನೇ.

ಇಂದು ಅವನು ಮದುವೆಗೆಂದು ಭಾಲ್ಕಿಗೆ ಹೋಗಿದ್ದ. ಠಾಣಾ ಕುಶನೂರಿನ ರುಕ್ಮಿಣಿಬಾಯಿ ಪತ್ರ ಹಿಡಿದು ನೇರ ನಮ್ಮ ಮನೆಗೇ ಬಂದಳು. ಓದಿ ಮುಗಿಸಿದೆ. ಸೆರಗಿನ ಗಂಟು ಬಿಚ್ಚುತ್ತ ಹೇಳಿದಳು:

"ಮಾಸ್ತರ್ರ, ಹ್ವಾದ ಸಲ ನಿಮ್ಮ ಫೀಸು ಅಂತ ಅಮರನಾಥ ಸಾವಕಾರ್ರು ಮುನ್ನೂರು ತಗೊಂಡಿದ್ರು. ಈಗ ಐನೂರು ಅಂತಾರ. ನನ್ ಬಲ್ಲಿ ಮುನ್ನೂರೇ ಅದಾವ್ರಿ."

ನನ್ನ ಫೀಸು. ತಾಲೂಕಿಗೆಲ್ಲ ಗೊತ್ತಿತ್ತು, ನನಗೊಬ್ಬನಿಗೆ ಗೊತ್ತಿರಲಿಲ್ಲ. ದರ ಏರಿಸುವಾಗಲಾದರೂ ಒಂದು ಮಾತು ಕೇಳಬಹುದಿತ್ತಲ್ಲ, ಹರಾಮಿ.

ನಾನು ಹಣ ತೆಗೆದುಕೊಳ್ಳುವುದಿಲ್ಲ ಎಂದಿದ್ದರೆ ಅಲ್ಲೇ ಅವನು ಕಳ್ಳನಾಗುತ್ತಿದ್ದ. ನಾಳೆ ಬಸ್ ಸ್ಟ್ಯಾಂಡಿನಲ್ಲಿ ಜನ ಅವನ ಹೆಸರು ಹಿಡಿದು ಉಗುಳುತ್ತಿದ್ದರು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.

"ಮುನ್ನೂರೇ ಸಾಕ್ ಬಿಡ್ರಿ," ಎಂದೆ.

ಇನ್ನೂರು ಬಿಟ್ಟೆನೆಂದು ಅವಳು ಕೈಮುಗಿದು, ಹರಸಿ ಹೋದಳು. ಮುಸರ್ರತ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಟುಗಳನ್ನು ನೋಡಿದಳು. ಏನಾದರೂ ಅಂದಿದ್ದರೆ ಚೆನ್ನಾಗಿತ್ತು. ಒಳಗೆ ಹೋಗಿ ರೊಟ್ಟಿ ತಟ್ಟತೊಡಗಿದಳು.

ಹಣ ಮೇಜಿನ ಮೇಲೆ ಹಾಗೇ ಇದೆ. ಇಷ್ಟು ವರ್ಷ ಅವನು ನನಗೆ ಬೆಲೆ ಕಟ್ಟಿದ್ದ. ಇಂದು ನಾನೇ ಕಟ್ಟಿಕೊಂಡೆ, ಅದೂ ಅವನ ಮಾನ ಉಳಿಸಲು. ನಾಳೆ ಅವನೆದುರು ನಿಂತು ಯಾವ ಬಾಯಿಂದ ಕೇಳಲಿ, ನನ್ನ ಹೆಸರಲ್ಲಿ ಹಣ ಯಾಕೆ ತಗೊಂಡೆ ಎಂದು?