ಹೊರಗೆ ಹಿಡಿಕೆ ಇಲ್ಲದ ಬಾಗಿಲು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 8.40

ಎಂಟಕ್ಕೆ ಬರುತ್ತೇನೆಂದ ಮೇಸ್ತ್ರಿ ಇನ್ನೂ ಬಂದಿಲ್ಲ. ಇವತ್ತಿಗೆ ಹದಿನೈದನೇ ದಿನ. ಅಡುಗೆಮನೆ ಮಲಗುವ ಕೋಣೆಗೆ ಬಂದಿದೆ — ಸ್ಟೌ ಇಸ್ತ್ರಿ ಮೇಜಿನ ಮೇಲೆ, ಪಾತ್ರೆಗಳು ಮಂಚದ ಕೆಳಗೆ. ಬುಗುರಿ ಎಲ್ಲವನ್ನೂ ಎಳೆದು ಹಾಕಿ ನಡುವೆ ಕೂತಿದ್ದಾಳೆ. ಇಪ್ಪತ್ತು ತಿಂಗಳ ಮಗಳು. ಒಂದು ಕಡೆ ನಿಲ್ಲುವುದಿಲ್ಲವೆಂದು ಅವಳಪ್ಪ ಇಟ್ಟ ಹೆಸರು. ಸದ್ದು ಮಾಡಲಿ. ಸದ್ದಿದ್ದರೆ ಎಲ್ಲಿದ್ದಾಳೆಂದಾದರೂ ತಿಳಿಯುತ್ತದೆ.

ಬಚ್ಚಲುಮನೆಯ ನೀರು ಅಡುಗೆಮನೆ ಗೋಡೆಯಲ್ಲಿ ಜಿನುಗುತ್ತಿತ್ತು, ಅಷ್ಟೇ. "ಒಂದು ವಾರದ ಕೆಲಸ ಅಕ್ಕಾ, ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಮುಗಿಸ್ಬಿಡ್ತೀನಿ" ಅಂದಿದ್ದ ಮೇಸ್ತ್ರಿ.

ಮಾರ್ಚ್ 6, ಗುರುವಾರ

ಧೂಳು. ಹಾಲಿನಲ್ಲಿ, ದಿಂಬಿನಲ್ಲಿ, ಅವಳ ರೆಪ್ಪೆಗಳ ಮೇಲೆ. ಡ್ರಿಲ್ ಶುರುವಾದರೆ ಓಡಿ ಬಂದು ನನ್ನ ಮೊಣಕಾಲು ತಬ್ಬುತ್ತಾಳೆ. ನಿಂತರೆ "ಇನ್ನೂ!" ಅನ್ನುತ್ತಾಳೆ. ಅಪ್ಪ ಆಫೀಸಿಗೆ ಹೊರಟರೆ ತಿರುಗಿಯೂ ನೋಡದವಳು, ಮೇಸ್ತ್ರಿ ಊಟಕ್ಕೆ ಹೋದರೆ "ಮೇತೀ..." ಎಂದು ಅಳುತ್ತಾಳೆ.

ಇವರಿಗೆ ಹೇಳಿದೆ: "ಎರಡು ದಿನ ರಜೆ ಹಾಕಿ. ನನ್ನೊಬ್ಬಳ ಕೈಲಿ ಆಗ್ತಿಲ್ಲ."

"ಈ ತಿಂಗಳು ಸಾಧ್ಯನೇ ಇಲ್ಲ ಕಣೇ. ಇನ್ನೇನು ಮುಗೀತಲ್ಲ."

ಇನ್ನೇನು ಮುಗೀತು. ಹೊಸ ಗೋಡೆಯ ಮೇಲೆ ಬರೆಸಬೇಕು ಈ ಮಾತನ್ನು.

ಮಾರ್ಚ್ 11, ಮಂಗಳವಾರ

ಅಡುಗೆಮನೆ ಗೋಡೆಗೆ ಟೈಲ್ಸ್ ಮುಗಿಯಿತು. ನಿಜವಾಗಿಯೂ. ಸುಮ್ಮನೆ ನಿಂತು ನೋಡಿದೆ, ಕೈ ಸವರಿ ನೋಡಿದೆ.

ಬಡಗಿ ಬಚ್ಚಲಿಗೆ ಹೊಸ ಬಾಗಿಲು ಕೂರಿಸಿ ಹೋದ. ಮುಚ್ಚಿದರೆ ತಾನೇ ಲಾಕ್ ಆಗುತ್ತದೆ. ಒಳಗಿನ ಹಿಡಿಕೆ ಮಾತ್ರ ಹಾಕಿದ್ದಾನೆ, ಅದೂ ನನ್ನ ಎದೆಯೆತ್ತರದಲ್ಲಿ. ಹೊರಗಿನದು ಅಂಗಡಿಯಲ್ಲಿ ಸಿಗಲಿಲ್ಲವಂತೆ. "ನಾಳೆ ಹಾಕ್ತೀನಿ. ಅಲ್ಲೀವರೆಗೆ ಮುಚ್ಚಬೇಡಿ." ಸಂದಿಗೆ ಚಪ್ಪಲಿ ಸಿಕ್ಕಿಸಿದ್ದೇನೆ.

ಮಾರ್ಚ್ 12, ಬುಧವಾರ. ಸಂಜೆ 6

ಮೊದಲಿನಿಂದ ಬರೆಯುತ್ತೇನೆ.

ಹನ್ನೊಂದರ ಸುಮಾರಿಗೆ ಫೋನ್. ಇವರದೇ. ಟವೆಲ್ ತೂಗುಹಾಕುವ ರಾಡ್ ಯಾವ ಬಣ್ಣದ್ದು ಬೇಕು ಅಂತ. ನಾಲ್ಕು ನಿಮಿಷ ಮಾತಾಡಿರಬೇಕು. ಆಮೇಲೆ ದಢಕ್ಕನೆ ಸದ್ದು. ಚಪ್ಪಲಿ ಹೊರಗೆ. ಬುಗುರಿ ಒಳಗೆ.

ಮೊದಲು ನಕ್ಕಳು. ಆಮೇಲೆ ಬಾಗಿಲು ಬಡಿದಳು. ಆಮೇಲೆ ಅಳು.

ಮೇಸ್ತ್ರಿ ಓಡಿ ಬಂದ. "ಒದ್ದು ಬೀಳಿಸಬಹುದು ಅಕ್ಕಾ, ಆದ್ರೆ ಒಳಕ್ಕೆ ತೆರೆಯೋ ಬಾಗಿಲು. ಮಗು ಅಲ್ಲೇ ಒರಗಿ ನಿಂತಿದೆ." ಬಡಗಿಯ ಫೋನ್ ಸ್ವಿಚ್ ಆಫ್. ನಾನು ಹಿಂದುಗಡೆ ಹೋಗಿ, ಸ್ಟೂಲ್ ಹತ್ತಿ, ಗಾಳಿಕಿಂಡಿಯಿಂದ ಇಣುಕಿದೆ. ಕಂಬಿ. ತೋಳು ಮಾತ್ರ ಹೋಗುತ್ತದೆ. ನನ್ನನ್ನು ಕಂಡು ಎರಡೂ ಕೈ ಮೇಲೆತ್ತಿದಳು — "ಎತ್ತು". ಕೈಗೆ ಕೈ ಸಿಗಲಿಲ್ಲ. ಆಗ ಅವಳಿಗೊಂದು ಉಪಾಯ ಹೊಳೆಯಿತು. ಕಿಂಡಿಯ ಕೆಳಗೆ ಟೈಲ್ಸ್ ನೆನೆಸುವ ಡ್ರಮ್ ಇತ್ತು, ಅರ್ಧಕ್ಕಿಂತ ಹೆಚ್ಚು ನೀರು. ಅದರ ಅಂಚು ಹಿಡಿದು ಪಕ್ಕದ ಇಟ್ಟಿಗೆಯ ಮೇಲೆ ಕಾಲಿಟ್ಟಳು. ನನ್ನ ಹತ್ತಿರ ಬರಲು.

ತಟ್ಟನೆ ತಲೆ ಕೆಳಗೆ ಹಾಕಿದೆ. ಮಗಳಿಗೆ ಕಾಣದಂತೆ ಗೋಡೆಯ ಹಿಂದೆ ಅಡಗಿದೆ. ಅವಳು "ಅಮ್ಮಾ" ಎಂದು ಕಿರುಚುತ್ತಿದ್ದಳು. ನಾನು ಕಂಡರೆ ಮತ್ತೆ ಹತ್ತುತ್ತಾಳೆ.

ಮತ್ತೆ ಬಾಗಿಲಿಗೆ ಓಡಿದೆ. ಕೆಳಗೆ ಎರಡು ಬೆರಳಿನಷ್ಟು ಸಂದಿ. ನೆಲಕ್ಕೆ ಮುಖವಿಟ್ಟು ಮಲಗಿ ಬೆರಳು ತೂರಿಸಿ ಕರೆದೆ. ಬಂದಳು. ಕೂತಳು. ಬೆರಳು ಹಿಡಿದಳು.

"ಹಾಗೇ ಇರಿ ಅಕ್ಕಾ, ಬಿಡ್ಬೇಡಿ" ಎಂದು ಮೇಸ್ತ್ರಿ ಅಡುಗೆಮನೆಗೆ ಹೋದ. ನಿನ್ನೆ ತಾನೇ ಮುಗಿಸಿದ್ದ, ಬಚ್ಚಲಿಗೆ ಅಂಟಿದ ಗೋಡೆಗೆ ಡ್ರಿಲ್ ಹಿಡಿದ.

ಏನೇನೋ ಹೇಳುತ್ತಲೇ ಇದ್ದೆ. ಸದ್ದಿನಲ್ಲಿ ನನಗೇ ಕೇಳುತ್ತಿರಲಿಲ್ಲ. ಒಮ್ಮೆ ಬೆರಳು ಬಿಟ್ಟಳು. ಎಲ್ಲಿಗೆ ಹೋದಳು? ಗೋಡೆಯ ಕಡೆಗೋ, ಡ್ರಮ್ಮಿನ ಕಡೆಗೋ? "ನಿಲ್ಲಿಸಿ, ನಿಲ್ಲಿಸಿ" ಎಂದು ಕೂಗಿದೆ. ಯಾರಿಗೆ ಕೇಳಬೇಕು?

ಡ್ರಿಲ್ ನಿಂತಿತು. ಏನೂ ಕೇಳಲಿಲ್ಲ. ಏನೂ.

"ಸಿಕ್ಕಿದ್ಲು ಅಕ್ಕಾ!"

ತೂತಿನ ಹತ್ತಿರ ತಾನೇ ಬಂದು "ಮೇತಿ?" ಎಂದು ಕೈ ಚಾಚಿದಳಂತೆ. ಅಷ್ಟಕ್ಕೇ ಡ್ರಿಲ್ ಬಿಸಾಡಿ, ಮಿಕ್ಕ ಇಟ್ಟಿಗೆಗಳನ್ನು ಕೈಯಲ್ಲೇ ಕಿತ್ತಿದ್ದಾನೆ. ಬೆರಳುಗಳಲ್ಲಿ ರಕ್ತ. ಮೈಯೆಲ್ಲ ಬಿಳಿಯಾಗಿದ್ದ ಮಗಳು ಅವನ ಕೊರಳಿಗೆ ಜೋತುಬಿದ್ದಿದ್ದಳು. ಕೈ ಚಾಚಿದೆ. ಬರಲಿಲ್ಲ. ಮುಖ ಆ ಕಡೆ ತಿರುಗಿಸಿದಳು. ಅಡಗಿದ್ದು ನೋಡಿದ್ದಾಳೆ.

ಇವರು ಒಂದು ಗಂಟೆಗೆ ಬಂದರು. ಮಗಳನ್ನು ಎತ್ತಿಕೊಂಡರು, ಗೋಡೆ ನೋಡಿದರು, ನನ್ನ ಕಡೆ ತಿರುಗಿದರು.

"ನೀನೆಲ್ಲಿದ್ದೆ?"

ನಿಮ್ಮ ಜೊತೆ ಫೋನಿನಲ್ಲಿ ಅನ್ನಬಹುದಿತ್ತು.

ಮಾರ್ಚ್ 17, ಸೋಮವಾರ

ಇವರು ರಜೆ ಹಾಕಿದ್ದಾರೆ. ಈಗ. ಬೆಳಗಿನಿಂದ ಸ್ಕ್ರೂಡ್ರೈವರ್ ಹಿಡಿದು ಮನೆಯ ಒಳಬಾಗಿಲುಗಳ ಚಿಲಕಗಳನ್ನೆಲ್ಲ ಬಿಚ್ಚಿದರು. ಕೊನೆಯದನ್ನು ಬಿಚ್ಚುತ್ತ, ಆ ಚಿಲಕಕ್ಕೇ ಹೇಳುವಂತೆ ಹೇಳಿದರು: "ಫೋನ್ ಮಾಡಿದ್ದು ನಾನೇ ಅಲ್ವಾ."

ಐದು ದಿನ ಈ ಮಾತಿಗೆ ಕಾದಿದ್ದೆ. ಬಂದಮೇಲೆ ಅದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. "ಊಟ ಆರ್ತಿದೆ, ಬನ್ನಿ" ಅಂದೆ.

ಬುಗುರಿ ನಾನು ಕರೆದರೆ ಮೊದಲು ನಿಂತು ನೋಡುತ್ತಾಳೆ. ಆಮೇಲೆ ಬರುತ್ತಾಳೆ. ಬರುತ್ತಾಳೆ, ಅಷ್ಟು ಸಾಕು.

ಮಾರ್ಚ್ 19, ಬುಧವಾರ. ಮಧ್ಯಾಹ್ನ 3

ಇವರು ಮತ್ತೆ ಆಫೀಸಿಗೆ. ಮೇಸ್ತ್ರಿ ಕೈಗೆ ಬಟ್ಟೆ ಸುತ್ತಿಕೊಂಡು ಬಂದ. ಬೆಳಗಿನಿಂದ ತೂತು ಮುಚ್ಚುತ್ತಿದ್ದಾನೆ. ಬುಗುರಿ ಪಕ್ಕದಲ್ಲೇ ಕೂತು ಇಟ್ಟಿಗೆ ಚೂರು ಎತ್ತಿ ಕೊಡುತ್ತಾಳೆ. ಈಗ ಎರಡೇ ಇಟ್ಟಿಗೆಯಷ್ಟು ಜಾಗ ಉಳಿದಿದೆ.

"ಅಕ್ಕಾ, ಇವಳನ್ನ ಸ್ವಲ್ಪ ಎತ್ಕೊಳ್ಳಿ. ಇದೊಂದು ಮುಚ್ಚಿಬಿಡ್ತೀನಿ."

ಎತ್ತಿಕೊಂಡೆ. ಬಂದಳು. ಅವನು ಸಿಮೆಂಟ್ ಕಲಸಿದ, ಇಟ್ಟಿಗೆ ಕೈಗೆತ್ತಿಕೊಂಡ.

"ಇವತ್ತು ಬೇಡ ಮೇಸ್ತ್ರಿ" ಅಂದೆ.

ಇಟ್ಟಿಗೆ ಕೆಳಗಿಟ್ಟು, ಕರಣೆ ತೊಳೆದು ಹೊರಟ. ನಾಳೆಯೂ ಬೇಡ ಅಂದೇನೋ ಏನೋ. ಸಂಜೆ ಇವರು ಬಂದು ನೋಡಿ, ಇದನ್ನೇಕೆ ಹೀಗೆ ಬಿಟ್ಟೆ ಅಂದರೆ, ಅವಳ ಕೈಗೆ ಕೈ ಸಿಗುವಷ್ಟು ಜಾಗ ಇರಲಿ ಅನ್ನುತ್ತೇನೆ.